ಸ್ಲೈಡಿನ ಮಂಕು ಮಗ್ಗುಲು

ಸಕಲೇಶಪುರ
೧೨ ಫೆಬ್ರುವರಿ ೨೦೨೪

ಪ್ರೀತಿಯ ಮಧುಶ್ರೀ,

ಕ್ಷೇಮವೇ ಎಂದು ಕೇಳುವುದಿಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಜವರಯ್ಯನ ಎಡಗೈ ನೋಡಿ ಬಂದೆ. ಬೆರಳು ಯಾವುದು, ಅಂಗೈ ಯಾವುದು ಗೊತ್ತಾಗುವುದಿಲ್ಲ. ಯಸಳೂರಿನ ನಿಮ್ಮ ತೋಟದ ಕೂಲಿಮನೆಗಳ ಲೈನಿನಿಂದ ಅವನ ಕೂದಲು ಹಿಡಿದು ಎಳೆತಂದು, ಕಲ್ಲಿನ ಮೇಲೆ ಕೈ ಇಡಿಸಿ, ನಿನ್ನಣ್ಣ ದೇವೇಂದ್ರ ಸುತ್ತಿಗೆಯಿಂದ ಜಜ್ಜಿದನಂತೆ. ಅಡ್ಡ ಬಂದ ಜವರಯ್ಯನ ಹೆಂಡತಿ ಭೂತಮ್ಮನ ಎರಡು ಹಲ್ಲು ಹೋಗಿವೆ. “ನಾನು ಊರಲ್ಲೇ ಇರ್ನಿಲ್ಲ ಸ್ವಾಮಿ, ಕುಂದೂರಲ್ಲಿ ಮಗಳ ಮನೇಲಿದ್ದೆ” ಅಂತ ಅವನು ಕಿರುಚಿದ್ದನ್ನು ಯಾರೂ ಕೇಳಲಿಲ್ಲವಂತೆ.

ಇಷ್ಟಕ್ಕೂ ಆಧಾರ ನನ್ನ ಸ್ಟುಡಿಯೋದ ಪ್ರಿಂಟು.

ತೋಟದ ಲೆಕ್ಕ ಬರೆಯುವ ರೈಟರ್ ಅಣ್ಣಯ್ಯನನ್ನು ಕಡಿದು ಕೊಂದ ಬೆಳಿಗ್ಗೆ ನೀನು ಮಹಡಿಯಿಂದ ಕಾಫಿ ಒಣಗಿಸುವ ಕಣದ ಚಿತ್ರ ತೆಗೆದಿದ್ದೆ. ತೊಳೆಸಿ ತಂದ ಸ್ಲೈಡ್ ಫಿಲ್ಮಿನ ಮೂಲೆಯಲ್ಲಿ ಅಣ್ಣಯ್ಯ, ಅವನೆದುರು ಮಚ್ಚೆತ್ತಿದವನೊಬ್ಬನ ಬೆನ್ನು, ತಲೆಗೆ ಟವೆಲ್. ಲೈನಿನವರೆಲ್ಲ ನೋಡಲೇಬೇಕೆಂದು ಹಠ ಹಿಡಿದರು ಎಂದು ನೀನು ನನಗೆ ಪ್ರಿಂಟಿಗೆ ಕೊಟ್ಟೆ. ಸ್ಲೈಡಿನಲ್ಲಿ ನೆರಳೆಂದರೆ ಬರೀ ಕಪ್ಪು. ಬಿಸಿಲಿಗೊಮ್ಮೆ, ನೆರಳಿಗೊಮ್ಮೆ ಸ್ಕ್ಯಾನ್ ಮಾಡಿ ಎರಡನ್ನೂ ಸೇರಿಸಿದೆ. ಅಷ್ಟು ಚೆನ್ನಾದ ಪ್ರಿಂಟನ್ನು ನಾನು ಈಚೆಗೆ ತೆಗೆದೇ ಇರಲಿಲ್ಲ. ಹೆಮ್ಮೆಪಟ್ಟೆ, ನನ್ನ ಮುಖಕ್ಕಿಷ್ಟು.

“ಫಿಲ್ಮಿನ ಮಂಕು ಮಗ್ಗುಲು ಯಾವ ಕಡೆ ಐತೆ ನೋಡ್ಕೋ, ಇಲ್ದಿದ್ರೆ ಎಡ ಬಲ ಆಗ್ಬುಡ್ತೈತೆ” ಅಂತ ನಮ್ಮ ಅಬ್ಬಾ ಸಾವಿರ ಸಲ ಹೇಳಿದ್ದರು. ರಟ್ಟಿನ ಚೌಕಟ್ಟಿನಿಂದ ಫಿಲ್ಮ್ ಬಿಡಿಸಿ ಧೂಳು ಒರೆಸುವಾಗ ನಿನ್ನ ಫೋನ್ ಬಂತು. ಮಾತಾಡುತ್ತಲೇ ಮಗುಚಿ ಇಟ್ಟುಬಿಟ್ಟೆ.

ಇವತ್ತು ಮತ್ತೆ ನೋಡಿದೆ. ಪ್ರಿಂಟಿನಲ್ಲಿ ಅಣ್ಣಯ್ಯನ ಅಂಗಿಯ ಜೇಬು ಅವನ ಬಲ ಎದೆಯ ಮೇಲಿದೆ. ಗಂಡಸರ ಜೇಬು ಎಡಕ್ಕಿರುತ್ತದೆ, ಮಧು. ಅಂದರೆ ಪ್ರಿಂಟು ಎಡ ಬಲ ಆಗಿದೆ; ಅದರಲ್ಲಿ ಎಡಗೈಯಲ್ಲಿ ಕಾಣುವ ಮಚ್ಚು ನಿಜಕ್ಕೂ ಇದ್ದದ್ದು ಬಲಗೈಯಲ್ಲಿ. ನಿಮ್ಮ ಲೈನಿಗೆಲ್ಲ ಎಡಚ ಜವರಯ್ಯ ಒಬ್ಬನೇ. ಅವನ ಕೈ ಮುರಿದವಳು ನಾನೇ. ನನ್ನ ಕೈಯನ್ನೂ ಯಾರಾದರೂ ಜಜ್ಜಲಿ ಅನ್ನಿಸುತ್ತಿದೆ.

ಇಲ್ಲಿಯತನಕ ನಿನ್ನ ಗೆಳತಿಯಾಗಿದ್ದ,
ಶೈಸ್ತಾ

ತಾ.ಕ.: ಆ ಫೋನಿನಲ್ಲಿ ನೀನು, “ಮಚ್ಚು ಹಿಡಿದ ಮಣಿಕಟ್ಟಲ್ಲಿ ಏನೋ ಹೊಳೀತೈತೆ ಕಣೇ, ಕಪ್ಪು ಮಾಡ್ಬುಡು” ಅಂದಿದ್ದೆ. ಕಲೆಯೆಂದು ತಿಳಿದು ಮಾಡಿದ್ದೆ. ಇವತ್ತು ಆ ಕಪ್ಪನ್ನು ತೆಗೆದೆ. ತಾಮ್ರದ ಕಡಗ. ದೇವೇಂದ್ರನಿಗೆಂದು ನಾವಿಬ್ಬರೂ ಹೋಗಿ ಆರಿಸಿದ್ದು. ಸರಿಯಾದ ಪ್ರಿಂಟನ್ನು ಭೂತಮ್ಮನ ಕೈಗೆ ಕೊಟ್ಟು, ಪೊಲೀಸರಿಗೆ ತಲುಪಿಸು ಎಂದೆ. “ಮೊದ್ಲು ಲೈನಿಗೆ ತೋರುಸ್ತೀನಿ ಕಣವ್ವ” ಅಂದು ಯಸಳೂರು ಬಸ್ಸು ಹತ್ತಿದಳು. ನಾನು ತಡೆಯಲಿಲ್ಲ.