ಐದನೆಯ ಮುತ್ತೈದೆ

ಸಾಲಿಗ್ರಾಮ
೨೫-೧-೧೯೯೮, ಭಾನುವಾರ

ಚಿ. ಸೌ. ಉಷಾರಾಣಿಗೆ,

ಅಕ್ಕನ ಆಶೀರ್ವಾದ. ನಾನೂ ನಿನ್ನ ಭಾವನೂ ಆರೋಗ್ಯವಾಗಿದ್ದೇವೆ. ಮಗುವಿನ ನೆಗಡಿ ವಾಸಿಯಾಯಿತೆಂದು ಓದಿ ಸಮಾಧಾನವಾಯಿತು. ನಿನ್ನ ಕಾಗದ ಸೋಮವಾರವೇ ಕೈಸೇರಿತು. ತಡವಾಗಿದ್ದಕ್ಕೆ ಕ್ಷಮಿಸು ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಎರಡು ಇನ್‌ಲ್ಯಾಂಡ್ ಹಾಳು ಮಾಡಿದೆ. ಹೇಳಬೇಕಾದದ್ದು ಅದರಲ್ಲಿ ಹಿಡಿಸಲಿಲ್ಲ. ಈಗ ಅಂಗಡಿಯಿಂದ ಉದ್ದನೆಯ ಹಾಳೆ ತರಿಸಿಕೊಂಡು ಕೂತಿದ್ದೇನೆ.

ನಿಮ್ಮ ಅತ್ತೆ ಮಲ್ಲಾಜಮ್ಮನವರು ಮಗಳ ಬಾಣಂತನಕ್ಕೆ ಪಿರಿಯಾಪಟ್ಟಣಕ್ಕೆ ಹೋಗುತ್ತಾರೆ, ನೀನು ಸ್ಕೂಲಿಗೆ ಹೋದರೆ ಹರ್ಷಿತಾಳನ್ನು ನೋಡಿಕೊಳ್ಳುವವರಿಲ್ಲ, ಏಪ್ರಿಲ್ ರಜೆಯ ತನಕ ಮಗುವನ್ನು ಇಟ್ಟುಕೊಳ್ಳುತ್ತೀಯಾ ಅಕ್ಕ ಎಂದು ಕೇಳಿದ್ದೀಯ. ಇದೇ ಕಾಗದದಲ್ಲಿ ಉತ್ತರ ಕೊಡುತ್ತೇನೆ. ಆದರೆ ನೀನು ಕೇಳಿದ ತಕ್ಷಣ ಹೂಂ ಎನ್ನುವ ಅಭ್ಯಾಸವನ್ನು ಈ ಸಂಕ್ರಾಂತಿಯ ದಿನ ಬಿಟ್ಟೆ. ಆದ್ದರಿಂದ ಸ್ವಲ್ಪ ಕಾಯಬೇಕು.

ಇಲ್ಲಿ ಚಳಿ ಜೋರಾಗಿದೆ. ಹೊಳೆಯ ಕಡೆಯಿಂದ ಬರುವ ಮಂಜು ಎಂಟು ಗಂಟೆಯಾದರೂ ಬೀದಿ ಬಿಡುವುದಿಲ್ಲ. ಅವರೆಕಾಯಿ ಈ ವರ್ಷ ಚೆನ್ನಾಗಿ ಬಂದಿದೆ, ಸೊಗಡು ಬೆರಳಿನಿಂದ ಹೋಗುವುದೇ ಇಲ್ಲ. ಸಂಜೆ ಪಕ್ಕದ ಮನೆ ಯಶೋದಮ್ಮ ನೆನೆಸಿದ ಕಾಳಿನ ಪಾತ್ರೆ ಎತ್ತಿಕೊಂಡು ನಮ್ಮ ಜಗಲಿಗೆ ಬರುತ್ತಾರೆ. ನಿನ್ನ ಭಾವ ಅಂಗಡಿಯಿಂದ ಬಂದವರೇ ಪಂಚೆ ಮಡಿಚಿ ಕಟ್ಟಿ ಕಾಳು ಹಿತಕಲು ಕೂರುತ್ತಾರೆ. ಅವರು ಹಿತಕಿದ ಬೇಳೆಯಲ್ಲಿ ಅರ್ಧ ಪಾತ್ರೆಗೆ, ಅರ್ಧ ಗೋಡೆಗೆ. ಆದರೂ ಕೈ ಬಲು ಚುರುಕು. ಮೊನ್ನೆ ಯಶೋದಮ್ಮ, "ಸ್ವಾಮ್ಯಾರೇ, ಅಂಗಡೀಲಿ ಗಿರಾಕಿಗಳ್ನ ಹಿಂಡಿ ಹಿಂಡಿ ನಿಮ್ ಕೈ ಪಳಗೈತೆ ಕಣ್ರೀ" ಎಂದರು. ಅವರು ನಗುತ್ತಲೇ ಇನ್ನೊಂದು ಬೇಳೆಯನ್ನು ಯಶೋದಮ್ಮನ ಸೆರಗಿಗೆ ಹಾರಿಸಿದರು. ನಾನೂ ನಕ್ಕೆ. ಸಿಟ್ಟು ಹೊತ್ತುಕೊಂಡೇ ನಗಲು ಬರುತ್ತದೆ ಎಂಬುದು ಈ ಹನ್ನೊಂದು ದಿನದಲ್ಲಿ ನಾನು ಕಲಿತದ್ದು. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ, ತುಪ್ಪ. ಊಟ ರುಚಿಸುತ್ತದೆ. ತಟ್ಟೆ ತೊಳೆಯುವಾಗ ನಿನ್ನ ಮನೆಯ ನಡುಮನೆ ನೆನಪಿಗೆ ಬರುತ್ತದೆ.

ಡಿಸೆಂಬರಿನ ಕಾಗದದಲ್ಲಿ ನೀನೇ ಬರೆದಿದ್ದೆ: ಮಗುವಿನ ಮೊದಲ ಸಂಕ್ರಾಂತಿ, ಅಂಗಡಿಯ ಸಕ್ಕರೆ ಅಚ್ಚು ಬೇಡ, ಅಕ್ಕನ ಕೈಯದೇ ಆಗಬೇಕು. ನಾಲ್ಕು ದಿನ ಅಚ್ಚು ಹುಯ್ದೆ. ಯಶೋದಮ್ಮನ ಮರದ ಅಚ್ಚುಗಳನ್ನು ರಾತ್ರಿಯೇ ನೀರಿಗೆ ಹಾಕಿಟ್ಟೆ. ಸರಿಯಾಗಿ ನೆನೆಯದಿದ್ದರೆ ಸಕ್ಕರೆ ಕಚ್ಚಿಕೊಂಡು, ಬಿಡಿಸುವಾಗ ಗಿಣಿಯ ಕೊಕ್ಕು ಅಲ್ಲೇ ಉಳಿಯುತ್ತದೆ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಬೆಳ್ಳಗೆ ತಿರುಗುವ ತನಕ ಕೈಯಾಡಿಸಿ, ಒಂದು ಕ್ಷಣ ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಹುಯ್ಯಬೇಕು. ಮೊದಲ ದಿನದ್ದೆಲ್ಲ ಮುರಿಯಿತು, ಬೀದಿಯ ಮಕ್ಕಳಿಗೆ ಹಬ್ಬ ಮೊದಲೇ ಆಯಿತು. ಎರಡನೆಯ ದಿನದಿಂದ ಹದ ಸಿಕ್ಕಿತು. ಗಿಣಿ, ನವಿಲು, ತುಳಸಿಕಟ್ಟೆ, ಪುಟ್ಟ ಬಿಂದಿಗೆ. ಎಳ್ಳು, ಕಡಲೆಬೀಜ ಹುರಿದು, ಬೆಲ್ಲ ಕೊಬ್ಬರಿ ಹೆಚ್ಚಿ ಒಣಗಿಸಿ ಬೆರೆಸಿದೆ. ಬೆರಳು ಬೊಬ್ಬೆಯೆದ್ದಿತ್ತು. ಅದನ್ನು ದೂರು ಎಂದು ಬರೆಯುತ್ತಿಲ್ಲ, ಆ ನಾಲ್ಕು ದಿನ ನಾನು ಬಹಳ ಸಂತೋಷವಾಗಿದ್ದೆ.

ಹದಿಮೂರನೇ ತಾರೀಕು ಎರಡು ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೆ.ಆರ್. ನಗರ, ಹುಣಸೂರು ಎಂದು ಎರಡು ಕಡೆ ಬಸ್ಸು ಬದಲಾಯಿಸಿ ನಿಮ್ಮೂರು ಕೋಟೆಗೆ ಬಂದೆ. ಹುಣಸೂರಿನಲ್ಲಿ ಕಂಡಕ್ಟರು ಡಬ್ಬ ಮೇಲೆ ಹಾಕಿ ಎಂದ. ಒಡೆಯುವ ಸಾಮಾನು, ಕೊಡಲಾರೆ ಎಂದೆ. "ಏನವ್ವಾ ಅಂಥಾದ್ದು, ಮೊಟ್ಟೆನಾ" ಎಂದು ಕೇಳಿದ. ನನ್ನ ತಂಗಿಯ ಮಗುವಿನ ಅಚ್ಚು ಎಂದು ಹೇಳಿಕೊಂಡೆ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಕೇಳಲಿ ಎಂಬಂತೆಯೇ ಹೇಳಿದೆ. ಆ ಗರ್ವ ನೆನೆದರೆ ಈಗ ಮುಖ ಬಿಸಿಯಾಗುತ್ತದೆ.

ಮರುದಿನ ಸಂಜೆ ನಡೆದದ್ದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ನಿನ್ನ ಕಾಗದದಲ್ಲಿ ಅದು "ಅವತ್ತಿನ ಸಣ್ಣ ವಿಷಯ" ಎಂದು ಒಂದೇ ಸಾಲಿನಲ್ಲಿ ಮುಗಿದಿದೆ.

ನಡುಮನೆಯಲ್ಲಿ ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ ಮಗುವನ್ನು ಕೂರಿಸಿದ್ದೆವು. ಹಸಿರು ಲಂಗ ನಾನು ಹೊಲಿದದ್ದು. ಎಲಚಿಹಣ್ಣು, ಕಬ್ಬಿನ ತುಂಡು, ಪುರಿ, ಅಚ್ಚಿನ ಚೂರು ಬೆರೆಸಿ ಪಾವಿನಲ್ಲಿ ತುಂಬಿಟ್ಟಿತ್ತು. ಐದು ಜನ ಮುತ್ತೈದೆಯರು ಒಬ್ಬರಾದ ಮೇಲೊಬ್ಬರು ಮಗುವಿನ ತಲೆಯ ಮೇಲೆ ಎರೆಯಬೇಕು. ನಿಮ್ಮ ಅತ್ತೆಯವರ ಓರಗಿತ್ತಿ, ಎದುರು ಮನೆಯ ಪ್ರೇಮಮ್ಮ, ಅವರ ಅಕ್ಕ, ನೀನು. ನಾಲ್ಕು ಜನ ಇದ್ದಿರಿ. ನಾನು ಹೂ ಮುಡಿದು, ಕೈಗೆ ಅರಿಶಿನ ಹಚ್ಚಿಕೊಂಡು ಐದನೆಯವಳಾಗಿ ನಿಂತಿದ್ದೆ. ನೀನು ನನ್ನ ಕಡೆ ನೋಡದೆ, "ಅಕ್ಕ, ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕೋಗುತ್ತೆ, ಸ್ವಲ್ಪ ನೋಡ್ಕೊ ಹೋಗು" ಎಂದೆ.

ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಮುಟ್ಟಿ ನೋಡಿದೆ, ಒಲೆ ತಣ್ಣಗಿತ್ತು. ಹಾಲಿನ ಪಾತ್ರೆ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿತ್ತು.

ಸುಳ್ಳು ಹೇಳುವವರು ಸ್ವಲ್ಪ ಶ್ರಮವನ್ನಾದರೂ ಪಡಬೇಕು ಉಷಾ. ಒಂದು ಲೋಟ ಹಾಲನ್ನಾದರೂ ಒಲೆಯ ಮೇಲೆ ಇಡಬಹುದಿತ್ತು. ನಿನ್ನ ಅಕ್ಕ ಅಷ್ಟಕ್ಕೂ ಬೆಲೆಯಿಲ್ಲದವಳಾದಳೆ?

ಹೊರಗೆ ಆರತಿ ಹಾಡು ಕೇಳಿಸಿತು. ಪ್ರೇಮಮ್ಮನ ಸೊಸೆ ಪವಿತ್ರಾಳನ್ನು ಕೂಗಿ ಕರೆದು ಐದನೆಯವಳಾಗಿ ನಿಲ್ಲಿಸಿದಿರಿ. ಆ ಹುಡುಗಿ ಬಸುರಿ, ಮುಖದಲ್ಲಿ ಕಳೆಯಿತ್ತು. ಅವಳ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಅವಳು ಎರೆದ ಎಲಚಿಹಣ್ಣು ಮೂಗಿಗೆ ಬಡಿದು ಮಗು ಅತ್ತಿತು. ಯಾರೆತ್ತಿಕೊಂಡರೂ ನಿಲ್ಲಿಸಲಿಲ್ಲ. ಆಗ ನೀನೇ ಅಡುಗೆಮನೆಯ ಕಡೆ ತಿರುಗಿ, "ಅಕ್ಕ, ಬಾ ಇಲ್ಲಿ, ಇವಳ್ನ ಹಿಡ್ಕೊ" ಎಂದು ಕೂಗಿದೆ.

ಬಂದೆ, ಹಿಡಿದುಕೊಂಡೆ. ಮಗು ನನ್ನ ಕತ್ತಿಗೆ ಮುಖ ಒತ್ತಿ ಸುಮ್ಮನಾಯಿತು. ಎರೆಯಲು ಆಗದ ಕೈ ಅಳು ನಿಲ್ಲಿಸಲು ಆಯಿತು. ಹೋದ ಬೇಸಿಗೆಯಲ್ಲಿ ಮೂರು ತಿಂಗಳು ನಮ್ಮ ಮನೆಯಲ್ಲಿ ನಿನ್ನ ಬಾಣಂತನ ಮಾಡಿದ್ದೂ ಇದೇ ಕೈ. ಅಮ್ಮ ಇಲ್ಲ ಎಂದು ನಿನಗೆ ಅನ್ನಿಸಬಾರದೆಂದು ಮಾಡಿದೆ. ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರೆರೆದಾಗ ನಿನಗೆ ಯಾವ ಶಾಸ್ತ್ರವೂ ನೆನಪಾಗಲಿಲ್ಲ.

ನನಗೆ ಮದುವೆಯಾಗಿ ಹನ್ನೆರಡು ವರ್ಷ. ಮಕ್ಕಳಾಗಲಿಲ್ಲ. ಊರವರು ಆಡಿಕೊಂಡಿದ್ದಾರೆ, ನೆಂಟರು ಕನಿಕರದಿಂದ ಹೇಳಿದ್ದಾರೆ, ಕೆಲವರು ತೊಟ್ಟಿಲು ಶಾಸ್ತ್ರದ ಮಾರನೆಯ ದಿನ ಕರೆದು ಸಿಹಿ ಕೊಟ್ಟಿದ್ದಾರೆ. ಅವರ ಮೇಲೆಲ್ಲ ಬಂದ ಸಿಟ್ಟನ್ನು ಅಂದಂದೇ ಮರೆತೆ. ಅವರು ನನ್ನ ಒಡಹುಟ್ಟಿದವರಲ್ಲ.

ಈಗ ನಿನ್ನ ಕಾಗದದ ಸಮಜಾಯಿಷಿ: ಅತ್ತೆ ಹಳೇ ಕಾಲದವರು, ಮೊದಲನೆಯ ವರ್ಷ ಮಕ್ಕಳಿಲ್ಲದವರಿಂದ ಎರೆಸಬಾರದು ಎಂದರು, ಅವರ ಮಾತು ಮೀರಲು ಆಗಲಿಲ್ಲ, ತಪ್ಪು ತಿಳಿಯಬೇಡ. ಇದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀನು ಐದನೆಯ ತರಗತಿಗೆ ಪಾಠ ಹೇಳುವವಳು, ಅಕ್ಷರ ದುಂಡಗಿದೆ, ಒಂದು ಕಡೆಯೂ ಹೊಡೆದು ಹಾಕಿಲ್ಲ. ಆ ಸಾಲಿನ ಕೆಳಗೇ ಮಗುವನ್ನು ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದ್ದೀಯ. ನಡುವೆ ಒಂದು ಸಾಲಿನ ಜಾಗವನ್ನೂ ಬಿಟ್ಟಿಲ್ಲ.

ಕಾಗದ ಓದಿದಾಗಿನಿಂದ ನಿನ್ನ ಭಾವ ಬೇಡ ಎನ್ನುತ್ತಿದ್ದಾರೆ. ಅವರು ಸಿಟ್ಟಿನ ಮನುಷ್ಯರಲ್ಲ, ನಿನಗೆ ಗೊತ್ತು. ಆದರೆ ಹಬ್ಬದ ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮುಖ ನೋಡಿದವರು ಅವರು. "ಶಾಸ್ತ್ರಕ್ಕೆ ಆಗದೋಳು ಸಾಕೋಕೆ ಆಯ್ತಾಳಾ? ನಮ್ ಮನೆ ಏನು ಅಂಗನವಾಡಿನಾ ಗೌರಿ" ಎಂದರು. ಯಶೋದಮ್ಮನ ಮಾತು ಬೇರೆ: ಹಸುಗೂಸು ಏನು ತಪ್ಪು ಮಾಡಿದೆ, ದೊಡ್ಡವರ ಜಗಳಕ್ಕೆ ಅದರ ರಾಗಿ ಸರಿ ಯಾಕೆ ತಪ್ಪಬೇಕು. ಇಬ್ಬರದೂ ಸರಿಯೇ. ಇಬ್ಬರ ಮಾತನ್ನೂ ಆರು ದಿನ ತೂಗಿದೆ.

ನನ್ನ ಉತ್ತರ ಇದು. ಮಗು ಬರಲಿ. ಏಪ್ರಿಲ್ ತನಕ ಇಟ್ಟುಕೊಳ್ಳುತ್ತೇನೆ. ನಿನಗೆ ಉಪಕಾರ ಮಾಡುತ್ತಿದ್ದೇನೆ ಎಂದು ತಿಳಿಯಬೇಡ. ಹರ್ಷಿತಾ ಬೇಕು, ಅದಕ್ಕೆ ಇಟ್ಟುಕೊಳ್ಳುತ್ತೇನೆ. ನಿನ್ನ ಭಾವನನ್ನು ಒಪ್ಪಿಸಿದ್ದೇನೆ. ಸಿಟ್ಟು ಮಾಡಿಕೊಂಡೇ ಅಟ್ಟದ ಮೇಲಿಂದ ತೊಟ್ಟಿಲು ಇಳಿಸಿ, ಹಗ್ಗ ಸವೆದಿದೆ ಎಂದು ಬೈದು, ಹೊಸದು ತಂದಿದ್ದಾರೆ.

ರಾಗಿ ಸರಿ ಇಲ್ಲೇ ಮಾಡುತ್ತೇನೆ, ಡಬ್ಬ ಕಳಿಸಬೇಡ. ಚಳಿಗೆ ಟೋಪಿ, ಕಾಲುಚೀಲ ಇರಲಿ. ನಮ್ಮ ಗುರುಪುರದಲ್ಲಿ ಅಪ್ಪ ಟಿಬೆಟ್‌ನವರ ಹತ್ತಿರ ಕೊಂಡು ಕೊಡುತ್ತಿದ್ದಂಥ ಕೆಂಪು ಸ್ವೆಟರೊಂದನ್ನು ಹುಣಸೂರಿನಲ್ಲಿ ನೋಡಿಟ್ಟಿದ್ದೇನೆ, ಅದನ್ನು ತರಿಸುತ್ತೇನೆ. ಪ್ರತಿ ಶನಿವಾರ ನೀನು ಬಂದು ಮಗುವನ್ನು ನೋಡಿಕೊಂಡು ಹೋಗಬಹುದು. ಅನ್ನ ಹಾಕುತ್ತೇನೆ, ಹಾಸಿಗೆ ಹಾಸುತ್ತೇನೆ. ಹಿಂದಿನಂತೆ ಮಾತಾಡುತ್ತೇನೆಂದು ಮಾತ್ರ ಮಾತು ಕೊಡಲಾರೆ.

ಸೋಮಶೇಖರನಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ. ಹರ್ಷಿತಾಗೆ ಎರಡು ಕೆನ್ನೆಗೂ ಮುತ್ತು. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ, ಮಡಿಲು ತಂಪಾಗಿರಲಿ. ಸಿಟ್ಟಿನಲ್ಲಿ ಬರೆದರೂ ಇದು ನಿಜವಾದ ಹರಕೆ.

ಇತಿ ನಿನ್ನ ಅಕ್ಕ,
ಮಂಗಳಗೌರಿ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಬರೆಯಬಾರದು ಎಂದುಕೊಂಡಿದ್ದೆ.

ಅವತ್ತು ನಾನು ಅಡುಗೆಮನೆಯಲ್ಲೇ ನಿಂತಿರಲಿಲ್ಲ. ಹಾಲಿಲ್ಲ ಎಂದು ಹೇಳಲು ಹಿಂದಿರುಗಿದ್ದೆ. ಬಾಗಿಲ ಪರದೆಯ ಈಚೆ ಇದ್ದೆ. ನಿಮ್ಮ ಅತ್ತೆ ಕೇಳಿದ್ದು ನನಗೆ ಕೇಳಿಸಿತು: "ಗೌರವ್ವ ಎಲ್ಲೋದ್ಳು? ಕರಿಯೇ ಅವಳ್ನ. ಮೂರು ತಿಂಗ್ಳು ಎತ್ತಾಡ್ಸಿದೋಳು, ಅವಳ ಕೈಲೇ ಮೊದ್ಲು ಎರಸು."

ನೀನು ಹೇಳಿದೆ: "ಬ್ಯಾಡ ಬುಡಿ ಅತ್ತೆ. ಮೊದಲ್ನೇ ವರ್ಷ. ಅವಳ ಕೈಲಿ ಎರೆಸೋಕೆ ನಂಗ್ಯಾಕೋ ಭಯ."

ಆ ಮೇಲೆ ನಿಮ್ಮ ಅತ್ತೆ, ಅವಳು ನಿನ್ನ ಅಕ್ಕ ಕಣೇ, ಎಂದರು. ನೀನು ಪವಿತ್ರಾಳನ್ನು ಕರೆದೆ.

ಭಯ ಬಂದದ್ದನ್ನು ಒಂದು ದಿನ ಮರೆತೇನು. ತಾಯಿಯಾದವಳಿಗೆ ಯಾವ ಯಾವುದಕ್ಕೋ ಭಯ ಬರುತ್ತದಂತೆ. ಆದರೆ ಆ ಮಾತನ್ನು ಆ ಮುದುಕಿಯ ಬಾಯಿಗೆ ತುರುಕಿ ನನಗೆ ಕಾಗದ ಬರೆದೆಯಲ್ಲ, ಅದನ್ನು ಮರೆಯಲಾರೆ.

ಮಗುವನ್ನು ತಂದು ಬಿಡಲು ನೀನು ಬರಬೇಡ. ಪಿರಿಯಾಪಟ್ಟಣಕ್ಕೆ ಹೋಗುವ ಮೊದಲು ಮಲ್ಲಾಜಮ್ಮನವರೇ ಮಗ ಸೋಮಶೇಖರನ ಜೊತೆ ಬಂದು ಹೋಗಲಿ. ಹರ್ಷಿತಾಳನ್ನು ಅವರ ಕೈಯಿಂದ ತೆಗೆದುಕೊಳ್ಳುತ್ತೇನೆ.