ಬರೀ ಬೆಣ್ಣೆ ಅಂದವಳು ನಾನು

ಮಾರ್ಚ್ 4, ಬೆಳಿಗ್ಗೆ 6.10

ಅಕ್ಕನ ಕೋಣೆಯಿಂದ ಗೊರಕೆ. ಎರಡು ತಿಂಗಳಿಂದ ಹೀಗೇ. ಅದಕ್ಕೆ ಮೊದಲು ಹೊದಿಕೆ ಒದ್ದು, ಬೆವರು ಒರೆಸಿಕೊಂಡು, ಇಡೀ ಮನೆಗೆ ಶಾಪ ಹಾಕುತ್ತಿದ್ದಳು. ಈಗ ಫ್ಯಾನು ಕೂಡ ಎರಡರಲ್ಲಿ. ತೋಳಿಗೆ ಹಚ್ಚಿಕೊಳ್ಳುವ ಹೊಸ ಕ್ರೀಮಿನ ಮಹಿಮೆಯಂತೆ!

ಮಾರುವವಳು ಪಾರ್ಲರಿನ ಮಹಡಿಯಲ್ಲಿ ಕೂರುತ್ತಾಳೆ. ನಾನಿಟ್ಟ ಹೆಸರು ಬೆಣ್ಣೆ ಮೇಡಂ. ಮೊದಲು ಹಾರ್ಮೋನ್ ನೋಡ್ತೀನಿ ಅಂತ ಎಂಜಲಿನ ಟೆಸ್ಟ್, ಆಮೇಲೆ ಡಬ್ಬಿ. “ಹಾರ್ಮೋನ್ ಇಲ್ಲವೇ ಇಲ್ಲಮ್ಮಾ, ಬರೀ ಗೆಡ್ಡೆ ಸಾರ, ನ್ಯಾಚುರಲ್.” ಇಪ್ಪತ್ತಾರು ವರ್ಷ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸಿದ ನನ್ನ ಮನೆಯವರ ಕಿವಿಗೇ ಹೂವಿಡುತ್ತಾಳೆ.

“ಅಕ್ಕಾ, ಅದು ಬರೀ ಬೆಣ್ಣೆ ಕಣೇ.”

“ಬೆಣ್ಣೆಯಾದ್ರೆ ಬೆಣ್ಣೆ. ನಿದ್ದೆ ಬರ್ತಿದೆಯಲ್ಲ. ಡಾಕ್ಟ್ರ ಮಾತ್ರೆ ಅಂದ್ರೆ ನಂಗೆ ಭಯ.”

ನಂಬಿಕೆ, ಇನ್ನೇನು. ಹಾಳಾಗಿ ಹೋಗಲಿ, ತೊಂದರೆಯಂತೂ ಇಲ್ಲ.

ಮಾರ್ಚ್ 9

ಅಕ್ಕನ ಭ್ರಮೆ ಬಿಡಿಸೋಣ ಅಂತ ಲ್ಯಾಬಿಗೇ ಕರೆದುಕೊಂಡು ಹೋದೆ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ 214! ಮುಟ್ಟು ನಿಂತು ನಾಲ್ಕು ವರ್ಷವಾದ ಹೆಂಗಸಿಗೆ ಮೂವತ್ತು ದಾಟಬಾರದು. ರ‍್ಯಾಕಿನಲ್ಲಿ ಅಕ್ಕನ ಪಕ್ಕದ ಟ್ಯೂಬು ಯಾರದೋ ಚಿಕ್ಕ ವಯಸ್ಸಿನವಳದು, ಮಕ್ಕಳಾಗಲಿ ಅಂತ ಚಿಕಿತ್ಸೆಗೆ ಬಂದವಳು. ಲೇಬಲ್ ಅದಲುಬದಲು, ಮತ್ತೇನು. ಅಂಕಿ ವಯಸ್ಸಿಗೆ ಹೊಂದದಿದ್ದರೆ ಮೊದಲು ಟ್ಯೂಬನ್ನು ಅನುಮಾನಿಸು. ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ನಾನೇ ಕಲಿಸಿದ್ದು.

ರಕ್ತ ತೆಗೆಯುವ ಕೌಂಟರಿನಾಕೆಯನ್ನು ಎಲ್ಲರ ಎದುರೇ ತರಾಟೆಗೆ ತೆಗೆದುಕೊಂಡೆ.

“ಹೆಸರು ಕೇಳಿಯೇ ಅಂಟಿಸಿದ್ದು ಮೇಡಂ, ನನ್ನಾಣೆ.”

“ಹಂಗಾದ್ರೆ ಐವತ್ನಾಲ್ಕರ ನಮ್ಮಕ್ಕ ಬಸುರಿಯಾಗ್ತಾಳಾ?”

ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ. ರಿಪೋರ್ಟ್ ರದ್ದು. ಮತ್ತೆ ರಕ್ತ ಕೊಡು ಅಂದರೆ ಅಕ್ಕ ಒಪ್ಪಲಿಲ್ಲ — “ಒಂದ್ಸಲ ಚುಚ್ಚಿಸ್ಕೊಂಡಿದ್ದು ಸಾಕು, ಹೋಗೇ.”

ಮಾರ್ಚ್ 15

ರಜೆ. ಬುಗುರಿ ಮನೆ ತುಂಬ ತಿರುಗುತ್ತಿದ್ದಾಳೆ. ಅಕ್ಕನ ಮೊಮ್ಮಗಳು, ನಾಲ್ಕು ವರ್ಷ. ಅವಳಮ್ಮ ಡ್ಯೂಟಿ ಮುಗಿಸಿ ಬರುವವರೆಗೆ ನಮ್ಮಲ್ಲೇ. ಊಟ ಆದ ಮೇಲೆ ಅಕ್ಕ ಎರಡೂ ತೋಳಿಗೆ ಕ್ರೀಮು ತೀಡಿಕೊಂಡು ಮಲಗುತ್ತಾಳೆ, ಇವಳು ಆ ತೋಳಿನ ಮೇಲೆ ಕೆನ್ನೆಯಿಟ್ಟು. “ಅಜ್ಜಿ ಕೈ ಜಾರುತ್ತೆ, ಘಮ್ ಅನ್ನುತ್ತೆ!” ಎಂಥ ಚಂದ ಇಬ್ಬರೂ… ನಾನೂ ಒಂದು ನಿದ್ದೆ ಹೊಡೆದೆ.

ಮೇ 22, ಸಂಜೆ

ಅಕ್ಕನಿಗೆ ಸೊಂಟನೋವು, ಬುಗುರಿಗೆ ನಾನೇ ಸ್ನಾನ ಮಾಡಿಸಿದೆ. ಎದೆಗೆ ಸೋಪು ಹಚ್ಚಿದರೆ ಕೈ ತಳ್ಳಿದಳು. “ನೋವು.” ಮುಟ್ಟಿ ನೋಡಿದೆ. ಎರಡೂ ಕಡೆ ಅಂಗಿ ಗುಂಡಿಯಷ್ಟು ಗಂಟು. ಮೊಲೆ ಮೂಡುತ್ತಿದೆ. ನಾಲ್ಕು ವರ್ಷಕ್ಕೆ! ಚೊಂಬು ಕೈಯಿಂದ ಜಾರಿ ಬಿತ್ತು.

ಅಕ್ಕ ಅಂದಳು, “ನೋಡಿದ್ದೆ ಕಣೇ. ಮೈಕೈ ತುಂಬ್ಕೊಳ್ತಿದಾಳೆ ಅನ್ಕೊಂಡೆ.”

ಬರೆಯಲು ಆಗುತ್ತಿಲ್ಲ.

ಮೇ 24

ಮಕ್ಕಳ ಡಾಕ್ಟರು ತುಂಬಾ ಹೊತ್ತು ನೋಡಿದರು. “ಮನೇಲಿ ಯಾರಾದ್ರೂ ಹಾರ್ಮೋನ್ ಕ್ರೀಮ್ ಹಚ್ಕೋತಾರಾ?”

ನಕ್ಕೆ. ದೇವರೇ, ನಕ್ಕುಬಿಟ್ಟೆ. “ನಮ್ಮಕ್ಕ ಏನೋ ಹಚ್ಕೋತಾಳೆ ಡಾಕ್ಟ್ರೇ. ಬರೀ ಬೆಣ್ಣೆ ಅದು.”

“ಬೆಣ್ಣೆ ಅಂತ ಯಾರು ಹೇಳಿದ್ದು?”

ನಾನು. ನಾನೇ ಹೇಳಿದ್ದು. ಹಾಗೆ ಕೂತಲ್ಲೇ 214 ನೆನಪಾಯಿತು. ಟ್ಯೂಬು ಅದಲುಬದಲಾಗಿರಲಿಲ್ಲ.

ಜೂನ್ 3

ಅಕ್ಕನ ಎರಡು ಡಬ್ಬಿಗಳನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದೆ. ಅಪ್ಪಟ ಈಸ್ಟ್ರೋಜನ್. ಅಳತೆಯಿಲ್ಲ, ಒಂದು ಡಬ್ಬಿಯಲ್ಲಿದ್ದಷ್ಟು ಇನ್ನೊಂದರಲ್ಲಿಲ್ಲ. ಅಕ್ಕನ ತೋಳಿನಿಂದ ಅಂಟಿ ಬುಗುರಿಯ ರಕ್ತದಲ್ಲೂ ಇದೆ. ಎಕ್ಸ್‌ರೇಯಲ್ಲಿ ಅವಳ ಮೂಳೆಗೆ ಆರು ವರ್ಷದ ಬೆಳವಣಿಗೆ.

ನೇರ ಮಹಡಿ ಹತ್ತಿದೆ. ಬೆಣ್ಣೆ ಮೇಡಂ ರಿಪೋರ್ಟಿನ ಕಡೆ ತಿರುಗಿಯೂ ನೋಡಲಿಲ್ಲ. “ಮಗು ದೇಹಪ್ರಕೃತಿ ಹಾಗಿರುತ್ತಮ್ಮಾ. ನಮ್ಮದೆಲ್ಲಾ ನ್ಯಾಚುರಲ್. ನಾನೂ ಅದನ್ನೇ ಹಚ್ಕೊಳ್ಳೋದು ನೋಡಿ” — ತೋಳು ಚಾಚಿದಳು. ಮಿರಮಿರ ಮಿಂಚುತ್ತಿತ್ತು. ಬೆಂಚಿನ ಮೇಲೆ ಮೂವರು ಹೆಂಗಸರು, ಒಬ್ಬಳ ಮಡಿಲಲ್ಲಿ ಕೂಸು. ಬಾಯಿಗೆ ಬಂದಂತೆ ಕೂಗಾಡಿದೆ. ಕೂಸಿನವಳು ಎದ್ದು ಹೋದಳು. ಉಳಿದಿಬ್ಬರು ನನ್ನನ್ನೇ ಹುಚ್ಚಿಯಂತೆ ನೋಡಿದರು.

ಔಷಧ ಇಲಾಖೆಗೆ ದೂರು ಬರೆದು ಕೊಟ್ಟು ಬಂದೆ. ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಆ ಹೆಂಗಸಿನ ಒಂದು ಮಾತನ್ನೂ ನಂಬಿದವಳಲ್ಲ ನಾನು. ನಂಬಿದ್ದು ಒಂದೇ ಒಂದು. ಹಾರ್ಮೋನ್ ಇಲ್ಲ ಅಂದದ್ದು.

ಜೂನ್ 4

ಕೌಂಟರಿನಾಕೆಯ ಹತ್ತಿರ ಎಲ್ಲರ ಎದುರೇ ಕ್ಷಮೆ ಕೇಳಿದೆ. “ಮಗು ಹೇಗಿದೆ ಮೇಡಂ?” ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 12, ಮಧ್ಯಾಹ್ನ 2.30

ಕ್ರೀಮು ನಿಂತಿದೆ, ಗಂಟು ಕರಗಬಹುದು ಅಂದರು ಡಾಕ್ಟರು. ಬೆಳೆದ ಮೂಳೆ ಹಿಂದಕ್ಕೆ ಹೋಗಲ್ಲ. ಮೂರು ತಿಂಗಳು ಕಾಯಬೇಕು.

ಅಕ್ಕನ ಮಗಳು ಬೈಯಲಿಲ್ಲ, ಅಳಲೂ ಇಲ್ಲ. ಮಗುವನ್ನು ಬಿಡಲು ಬಂದಾಗ ತಾಯಿಯ ಕೈ ಎತ್ತಿ ಮೂಸಿ ನೋಡುತ್ತಾಳೆ, ಡ್ಯೂಟಿಗೆ ಹೋಗುತ್ತಾಳೆ. ಅಕ್ಕ ದಿನಕ್ಕೆ ಹತ್ತು ಸಲ ಸೋಪು ಹಚ್ಚಿ ತೋಳೆಲ್ಲ ತರಚಿಕೊಂಡಿದ್ದಾಳೆ. ಬೆವರು ಮತ್ತೆ ಶುರು. ಆ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್.

ಈಗಷ್ಟೇ ಬುಗುರಿ ದಿಂಬು ಹಿಡಿದು ಅಕ್ಕನ ಕೋಣೆಗೆ ಹೋದಳು. “ಅಜ್ಜಿ, ಕೈ ಕೊಡು.”

“ಬೇಡ ಕಂದಾ. ಆಚೆ ಮಲ್ಕೋ.” ಅಕ್ಕ ಬಾಗಿಲು ಹಾಕಿಕೊಂಡಳು.

ತಡೆಯಲಾಗದೆ ಹೊರಗಿಂದಲೇ ಕೂಗಿದೆ, “ಅಕ್ಕಾ, ನಿನ್ನ ಕೈಯಲ್ಲಿ ಈಗ ಏನೂ ಇಲ್ಲ ಕಣೇ. ಮುಟ್ಟು ಅವಳನ್ನ.”

“ಆವಾಗಲೂ ಏನೂ ಇಲ್ಲ ಅಂತ ನೀನೇ ತಾನೇ ಹೇಳಿದ್ದು?”

ಬಂದು ಈ ಡೈರಿ ತೆರೆದೆ.

ಬುಗುರಿ ನನ್ನ ಮೇಜಿನ ಪಕ್ಕ ನಿಂತಿದ್ದಾಳೆ. “ಚಿಕ್ಕಜ್ಜಿ, ಅಜ್ಜಿಗೆ ನನ್ ಮೇಲೆ ಕೋಪಾನಾ?” ನಿನ್ನ ಮೇಲಲ್ಲ ಮಗು ಅಂದೆ. “ಮತ್ತೆ ಯಾರ ಮೇಲೆ?” ಅನ್ನುತ್ತಿದ್ದಾಳೆ. ನಾನು—