ಹನ್ನೆರಡರಿಂದ ಒಂದೂವರೆ

ಎಡೆದೊರೆ ಸೀಮೆ
ಕ್ರಿ.ಶ. ೨೧೮೭, ಕಾರ್ತೀಕ ಮಾಸದ ಮೂವತ್ತೊಂದನೆಯ ದಿನ

ನನ್ನ ಮೊಮ್ಮಗಳ ಮೊಮ್ಮಕ್ಕಳಿಗೆ,

ಕಾರ್ತೀಕಕ್ಕೆ ಮೂವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ. ಪಂಚಾಂಗ ಬರೆಯುವ ಅಧಿಕಾರವೂ ಈಗ ನಮ್ಮ ಸೀಮೆಗೆ ಬಂದಿದೆ. ಬಂದ ಮೇಲೆ ಬಳಸದೆ ಬಿಡುವುದುಂಟೆ? ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಅರ್ಥವಾಗದ ಕಡೆ ನಿಧಾನವಾಗಿ ಓದಿ. ಅರ್ಥವಾದ ಕಡೆ ಇನ್ನೂ ನಿಧಾನವಾಗಿ ಓದಿ. ನಾನು ಮೂವತ್ತು ವರ್ಷ ಸರ್ಕಾರಿ ಕಾಗದಗಳನ್ನು ಹಾಗೆಯೇ ಓದಿದವಳು.

ನನ್ನ ಹೆಸರು ತಾರಾಬಾಯಿ ಬೂದಿಹಾಳ. ಸೀಮೆಯ ಕೈಬದಲು ಅಧಿಕಾರಿ. ದೂರದ ರಾಜಧಾನಿಯಲ್ಲಿರುವ ಸರ್ಕಾರವನ್ನು ನಾವು ನಡುಮನೆ ಎನ್ನುತ್ತೇವೆ. ಅದು ತನ್ನ ಅಧಿಕಾರಗಳನ್ನು ಒಂದೊಂದಾಗಿ ಸೀಮೆಯ ಮಂತ್ರಿಗಳಿಗೆ ಬಿಟ್ಟುಕೊಡುತ್ತಿದೆ; ಆ ಕೊಡುಕೊಳ್ಳುವಿಕೆಗೆ ಕೈಬದಲು ಎಂದು ಹೆಸರು. ಯಾವ ಅಧಿಕಾರ, ಯಾವ ದಿನ, ಯಾವ ಗಳಿಗೆಗೆ ಬಂತು ಎಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಕೈಯಿಂದಲೇ ಬರೆದಿಡುವುದು ನನ್ನ ಕೆಲಸ. ಯಂತ್ರಗಳನ್ನು ಈ ಒಂದು ವಿಷಯದಲ್ಲಿ ಯಾರೂ ನಂಬುವುದಿಲ್ಲ. ನಾನು ಮನುಷ್ಯರನ್ನೂ ಅಷ್ಟಾಗಿ ನಂಬುವುದಿಲ್ಲ.

ನಡುಮನೆ ಏನನ್ನಾದರೂ ಸುಮ್ಮನೆ ಕೊಟ್ಟಿದ್ದನ್ನು ನಾನು ಕಂಡಿಲ್ಲ. ಕೆರೆಗಳನ್ನು ಕೊಟ್ಟಾಗ ತೂಬುಗಳನ್ನು ತನ್ನಲ್ಲೇ ಇಟ್ಟುಕೊಂಡಿತ್ತು. ಶಾಲೆಗಳನ್ನು ಕೊಟ್ಟಾಗ ಮೇಷ್ಟ್ರುಗಳ ವರ್ಗಾವಣೆಯನ್ನು ಬಿಡಲಿಲ್ಲ. ಆದ್ದರಿಂದ ಐದು ವರ್ಷದ ಹಿಂದೆ ಒಂದೇ ದಿನ ಹನ್ನೊಂದು ಅಧಿಕಾರಗಳನ್ನು ಕೊಡುತ್ತೇವೆ ಎಂದು ಆದೇಶ ಬಂದಾಗ ನನ್ನ ಕಿವಿ ನೆಟ್ಟಗಾಯಿತು. ಜನನ ನೋಂದಣಿ ಅದರಲ್ಲಿತ್ತು, ಕಲ್ಲುಗುಡ್ಡಗಳ ಗುತ್ತಿಗೆಯೂ ಇತ್ತು. ನಾಲ್ಕು ತಿಂಗಳು ಆ ಆದೇಶವನ್ನು ಜರಡಿ ಹಿಡಿದೆ. ‘ನಡುಮನೆಯೊಡನೆ ಸಮಾಲೋಚಿಸಿ’ ಎಂದು ಕಂಡಲ್ಲೆಲ್ಲ ಹೊಡೆದು ಹಾಕಿಸಿದೆ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ನಡುಮನೆ ಕೈ ಬಿಡುತ್ತದೆ, ನಮ್ಮ ಮಂತ್ರಿ ಸಹಿ ಹಾಕಿದ ಗಳಿಗೆಯಿಂದ ಎಲ್ಲವೂ ಸೀಮೆಯದು ಎಂದಿತ್ತು. ಅದರಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ.

ಬುಧವಾರ ಹನ್ನೆರಡರಿಂದ ಒಂದೂವರೆಯವರೆಗೆ ರಾಹುಕಾಲ. ಅದನ್ನು ನೆನಪಿಸಿದವಳು ನಾನೇ. ಮಂತ್ರಿ ಹೂಗಾರ ಸಾಹೇಬರು ಪೆನ್ನಿನ ಮುಚ್ಚಳ ತೆಗೆದಿದ್ದರು. “ಸಾಹೇಬ್ರ, ಇಷ್ಟು ವರ್ಷ ಕಾದೀವಿ, ಇನ್ನೊಂದೂವರೆ ತಾಸು ಕಾಯೋಣ್ರಿ” ಎಂದೆ. ಅವರಿಗೂ ಅದೇ ಬೇಕಾಗಿತ್ತು. ಮುಚ್ಚಳ ಹಾಕಿ ಕುರ್ಚಿಗೆ ಒರಗಿದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹನ್ನೆರಡೂ ನಲವತ್ತಕ್ಕೆ ನನ್ನ ಮಗಳು ಕಸ್ತೂರಿಗೆ ಹೆರಿಗೆಯಾಯಿತೆಂದು ಆಸ್ಪತ್ರೆಯಿಂದ ಸುದ್ದಿ ಬಂತು. ಹೆಣ್ಣು ಕೂಸು. ಪೇಡೆ ತರಿಸಿ ಮಂತ್ರಿಗಳ ಬಾಯಿ ಸಿಹಿ ಮಾಡಿಸಿದೆ. ಒಂದೂವರೆಗೆ ಅವರು ಸಹಿ ಹಾಕಿದರು. ಪುಸ್ತಕದಲ್ಲಿ ಎಲ್ಲವನ್ನೂ ಬರೆದು ಸಹಿ ಬಿದ್ದ ಗಳಿಗೆಯ ಜಾಗ ಮಾತ್ರ ಖಾಲಿ ಬಿಟ್ಟೆ. ನಡುಮನೆಯವರು ತಮ್ಮ ಪುಸ್ತಕದಲ್ಲಿ ಏನು ಬರೆಯುತ್ತಾರೋ ಮೊದಲು ನೋಡೋಣ ಎಂಬ ಗುಮಾನಿ. ಅವರೂ ನಮ್ಮದನ್ನೇ ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು.

ಆ ಒಂದೂವರೆ ತಾಸಿನಲ್ಲಿ ಸೀಮೆಯಲ್ಲಿ ಹತ್ತೊಂಬತ್ತು ಮಕ್ಕಳು ಹುಟ್ಟಿದವು. ನಡುಮನೆಯನ್ನು ಕೇಳಿದರೆ, ನಾವು ಹನ್ನೆರಡಕ್ಕೇ ಕೈ ಬಿಟ್ಟಿದ್ದೇವೆ ಎನ್ನುತ್ತದೆ. ಸೀಮೆಯನ್ನು ಕೇಳಿದರೆ, ಸಹಿಗೆ ಮುಂಚಿನದು ನಮ್ಮದಲ್ಲ ಎನ್ನುತ್ತದೆ. ನಮ್ಮ ಕೂಸಿಗೆ ಎರಡೂ ಕಿವಿ ಕೇಳಿಸುವುದಿಲ್ಲ. ಆರು ವರ್ಷ ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಆಮೇಲೆ ಮಾಡಿದರೂ ಅಷ್ಟಕ್ಕಷ್ಟೇ ಎಂದು ಡಾಕ್ಟರು ಹೇಳಿದ್ದಾರೆ. ಆ ಆಸ್ಪತ್ರೆ ಹೊಳೆಯ ಆಚೆ, ಬೇರೆ ಸೀಮೆಯಲ್ಲಿದೆ. ಸೇತುವೆ ದಾಟಲು ದಾಟುಚೀಟಿ ಬೇಕು. ದಾಟುಚೀಟಿಗೆ ಜನನ ನೋಂದಣಿ ಬೇಕು. ಮೂರು ಸಲ ಹೋಗಿ ಮರಳಿ ಬಂದೆವು. ಸೇತುವೆಯ ಕಾವಲಿನವನು ಕೆಟ್ಟವನಲ್ಲ. “ಕೂಸು ಯಾವ ಸರಕಾರದ್ದು ಹೇಳ್ರಿ ಅಕ್ಕಾರ, ಈಗ ಬಿಡ್ತೀನಿ” ಎಂದ. “ನಂದೈತೋ ಯಪ್ಪಾ, ನಾ ಹಡದೀನಿ” ಎಂದಳು ಕಸ್ತೂರಿ. “ಅದು ನನಗೂ ಕಾಣ್ತದರಿ. ಸರಕಾರ ಯಾವ್ದು?” ಎಂದು ಅವನು ತಲೆ ತಗ್ಗಿಸಿದ.

ಹತ್ತೊಂಬತ್ತು ಮಕ್ಕಳನ್ನು ಬರೆದುಕೊಳ್ಳಲು ಎರಡು ಸರ್ಕಾರಗಳಿಗೆ ಇಷ್ಟು ಕಷ್ಟವೇಕೆ? ಐದು ವರ್ಷ ಅದನ್ನೇ ಯೋಚಿಸಿದೆ. ಕೊನೆಗೆ ಹಳೆಯ ಕಡತಗಳಲ್ಲಿ ಉತ್ತರ ಸಿಕ್ಕಿತು. ಅದೇ ಬುಧವಾರ ಹನ್ನೆರಡೂ ಐವತ್ತಕ್ಕೆ ಕರೇಗುಡ್ಡವನ್ನು ಒಂದು ಕಲ್ಲಿನ ಕಂಪನಿಗೆ ತೊಂಬತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟ ಆದೇಶ ಹೊರಟಿದೆ. ಕಾಗದ ಸೀಮೆಯದು, ಮೊಹರು ನಡುಮನೆಯದು. ಇಂದು ಅಲ್ಲಿ ಗುಡ್ಡವಿಲ್ಲ, ನೀರು ನಿಂತ ಹೊಂಡವಿದೆ. ಆ ಒಂದೂವರೆ ತಾಸನ್ನು ತಮ್ಮದೆಂದು ಒಪ್ಪಿಕೊಂಡವರು ಗುಡ್ಡಕ್ಕೂ ಉತ್ತರ ಹೇಳಬೇಕು. ಜಗಳವಾಡುತ್ತಿದ್ದಾರೆಂದು ನಾವು ತಿಳಿದಿದ್ದ ಎರಡು ಮನೆಗಳೂ ಈ ವಿಷಯದಲ್ಲಿ ಒಂದೇ. ಪಂಚಾಂಗ ನೋಡಿದವಳು ನಾನೊಬ್ಬಳೇ ಅಲ್ಲ, ಬುಧವಾರದ ಹನ್ನೆರಡನ್ನು ಬೇರೆ ಯಾರೋ ಬೇಕೆಂದೇ ಆರಿಸಿದ್ದರು ಎಂದು ನನಗೆ ಅನುಮಾನ. ಸಾಬೀತು ಮಾಡಲಾರೆ.

ಆ ಮಕ್ಕಳ ತಾಯಂದಿರು ಹೂಡಿದ ದಾವೆಯಲ್ಲಿ ನಾಳೆ ನ್ಯಾಯಾಲಯ ನನ್ನ ಪುಸ್ತಕವನ್ನು ನೋಡುತ್ತದೆ. ಖಾಲಿ ಬಿಟ್ಟಿದ್ದ ಜಾಗದಲ್ಲಿ ಇಂದು ಬೆಳಿಗ್ಗೆ ‘ಹನ್ನೆರಡು’ ಎಂದು ಬರೆದಿದ್ದೇನೆ. ಮಂತ್ರಿಗಳು ಅಲ್ಲಗಳೆಯಲಾರರು. ರಾಹುಕಾಲಗೀಹುಕಾಲ ನಂಬುವವನು ನಾನಲ್ಲ ಎಂದು ಅವರು ಸದನದಲ್ಲಿ ಎದೆ ತಟ್ಟಿ ಹೇಳಿದ್ದಾರೆ. ಮಕ್ಕಳು ಸೀಮೆಯ ಮಕ್ಕಳಾಗುತ್ತವೆ, ಹೊಂಡ ಸೀಮೆಯ ಹೊಂಡವಾಗುತ್ತದೆ. ನನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಹೆದರಿಕೆಯಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಇಂದಿನ ಪಾಲಿನ ಸುಳ್ಳು ಆಗಲೇ ಮುಗಿದಿದೆ.

ನಿಮ್ಮ ಕಾಲದಲ್ಲಿ ಸೀಮೆಯ ಮಂತ್ರಿಗಳೂ ಓಣಿಗೊಬ್ಬ ಮಂತ್ರಿಗೆ ಅಧಿಕಾರ ಹಂಚುತ್ತಿರಬಹುದು. ತೆಗೆದುಕೊಳ್ಳುವವರು ಕೈಯಲ್ಲಿ ಹಿಡಿಯುವ ತನಕ ಕೊಡುವವರು ಬಿಡಕೂಡದು ಎಂದು ಮೊದಲ ಸಾಲಿನಲ್ಲೇ ಬರೆಯಿಸಿ. ಆ ಹಳೆಯ ಪುಸ್ತಕ ನಿಮ್ಮ ಕೈಗೆ ಸಿಕ್ಕರೆ ನನ್ನ ಅಕ್ಷರವನ್ನು ನಂಬಬೇಡಿ, ಆ ಗಳಿಗೆ ಸುಳ್ಳು. ಆದರೆ ಅದೇ ಪುಟದ ಕೆಳಗಿನ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರುಗಳಿರುತ್ತವೆ. ಅವನ್ನು ಒಮ್ಮೆ ಗಟ್ಟಿಯಾಗಿ ಓದಿ. ಏಳನೆಯದು ನಿಮ್ಮ ಅಜ್ಜಿಯದು.

ಇಂತಿ,
ತಾರಾಬಾಯಿ ಬೂದಿಹಾಳ